ಘಾಟಿ ಹತ್ತುವ ಮುಂಚೆ ಈ ಪತ್ರ ಓದಿ ಅಪ್ಪಾ

ಮಸ್ಕತ್

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು.

ನಾನಿಲ್ಲಿ ಚೆನ್ನಾಗಿದ್ದೇನೆ. ಧರ್ಮಸ್ಥಳದಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಕಾರು ಹೀಟ್ ಆಯ್ತು, ನೀವು ನೀರು ಸುರಿದು ಹಾಗೇ ಮೂಡಿಗೆರೆಗೆ ತಂದಿರಿ ಅಂತ ಅಮ್ಮ ಮೊನ್ನೆ ಫೋನಿನಲ್ಲಿ ಹೇಳಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಳೆದ ತಿಂಗಳು ನನಗೂ ಹೀಗೇ ಆಗಿತ್ತು. ಗಾಬರಿ ಆಗ್ತೀರಿ ಅಂತ ಹೇಳಿರಲಿಲ್ಲ.

ಒಂದು ಶುಕ್ರವಾರ ಇಲ್ಲಿನ ನಿಜ್ವಾ ಊರಿನಿಂದ ಮಸ್ಕತ್‌ಗೆ ಕಾರಿನಲ್ಲಿ ಬರುತ್ತಿದ್ದೆ. ಉರಿಬಿಸಿಲು. ಸುಮೈಲ್ ಹತ್ತಿರ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿ, ಸ್ವಲ್ಪ ಹೊತ್ತಿಗೆ ತಾನಾಗೇ ಇಳಿಯಿತು. ಸದ್ಯ, ತಣ್ಣಗಾಯ್ತು ಅಂದುಕೊಂಡೆ. ನಿಜಕ್ಕೂ ಇಂಜಿನ್ ತಣಿಸುವ ನೀರೇ ಖಾಲಿಯಾಗಿತ್ತು. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಶಾಖ ತೋರಿಸುತ್ತದೆ ಅಪ್ಪಾ. ಮುಳ್ಳು ಇಳಿದರೆ ನಂಬಬೇಡಿ.

ಬಾನೆಟ್ ಸಂದಿಯಿಂದ ಆವಿ ಬಂದಾಗ ಗಾಡಿ ನಿಲ್ಲಿಸಿದೆ. ಒಂದೂವರೆ ಗಂಟೆ ಕಾದು ರೇಡಿಯೇಟರ್‌ಗೆ ನಾಲ್ಕು ಲೀಟರ್ ನೀರು ತುಂಬಿಸಿದೆ. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಟಕ್ ಅಂತ ಒಂದೇ ಸದ್ದು. ಇಂಜಿನ್ ತಿರುಗಲೇ ಇಲ್ಲ. ಅಲ್ಲಿ ನಿಂತವರೆಲ್ಲ ಬ್ಯಾಟರಿ ಹೋಗಿದೆ ಅಂದರು. ಆದರೆ ಹಾರ್ನ್ ಜೋರಾಗಿತ್ತು, ಲೈಟೂ ಚೆನ್ನಾಗಿ ಉರಿಯುತ್ತಿತ್ತು. ನನಗೆ ಅನುಮಾನ ಬಂತು. ಮತ್ತೆ ಕೀ ಮುಟ್ಟದೆ ರಿಕವರಿ ಗಾಡಿ ಕರೆಸಿದೆ.

ಗ್ಯಾರೇಜಿನ ಮೆಕ್ಯಾನಿಕ್ ಕಾಸರಗೋಡಿನವರು, ಕನ್ನಡ ಬರುತ್ತೆ. ಮೊದಲು ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿದರು. ಆಯಿಲ್ ಕಪ್ಪಗೇ ಇತ್ತು. ನೀರು ಸೇರಿದ್ದರೆ ಹಾಲು ಬೆರೆಸಿದ ಕಾಫಿ ಥರ ಆಗಿರುತ್ತಿತ್ತು. ಆಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಮೂರು ಒಣಗಿದ್ದವು, ಒಂದು ಒದ್ದೆ. ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದಾಗ ಮೂರನೇ ತೂತಿನಿಂದ ನೀರು ಚಿಮ್ಮಿ ಬಾನೆಟ್‌ವರೆಗೂ ಹಾರಿತು. ನಾನು ರಸ್ತೆಯಲ್ಲಿ ಸುರಿದ ನೀರೇ ಅದು! ನೀರನ್ನು ಪಿಸ್ಟನ್‌ಗೆ ಒತ್ತಿ ಕುಗ್ಗಿಸಲು ಆಗಲ್ಲ, ಅದಕ್ಕೇ ಇಂಜಿನ್ ತಡೆದು ನಿಂತಿತ್ತು. ನೂಕಿ ಸ್ಟಾರ್ಟ್ ಮಾಡಿದ್ದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತಿತ್ತಂತೆ.

ಇಂಜಿನ್ನಿನ ಮೇಲಿನ ಭಾಗ ಹೆಡ್ ಅಲ್ಯೂಮಿನಿಯಂ, ಕೆಳಗಿನ ಬ್ಲಾಕ್ ಬೀಡು ಕಬ್ಬಿಣ. ಬಿಸಿಯಾದರೆ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತದೆ. ಮಿತಿ ಮೀರಿದರೆ ಹೆಡ್ ಸೊಟ್ಟಗಾಗಿ, ನಡುವೆ ಸಂದು ಮುಚ್ಚುವ ಗ್ಯಾಸ್ಕೆಟ್ ಹೋಗಿ, ನೀರು ಸಿಲಿಂಡರ್ ಒಳಗೆ ನುಗ್ಗುತ್ತದೆ. ನನ್ನ ಕಾರಿನ ಹೆಡ್ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಸಂದು ಅಳೆಯುವ ತೆಳು ಹಾಳೆಗಳ ಫೀಲರ್ ಗೇಜ್ ತೂರಿಸಿದರು. ಸಂದು 0.05 ಮಿಲಿಮೀಟರ್ ದಾಟಬಾರದು ಅಂದರು. 0.12ರ ಹಾಳೆ ಸಲೀಸಾಗಿ ಒಳಗೆ ಹೋಯಿತು. ಹೆಡ್ಡನ್ನು ಫೇಸಿಂಗ್‌ಗೆ, ಅಂದರೆ ಉಜ್ಜಿ ಸಮ ಮಾಡಿಸೋಕೆ, ಕಳಿಸಬೇಕಾಯ್ತು.

ಇಷ್ಟಕ್ಕೆಲ್ಲ ಮೂಲ ಏನು ಗೊತ್ತಾ? ಥರ್ಮೋಸ್ಟಾಟ್, ಇಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್. ಅವರು ಅದನ್ನು ಪಾತ್ರೆಯಲ್ಲಿಟ್ಟು ನೀರು ಕುದಿಸಿದರು. 85 ಡಿಗ್ರಿ ಹೊತ್ತಿಗೆ ಬಾಯಿ ಬಿಡಬೇಕಾದ ವಾಲ್ವ್, ನೀರು ಕೊತಕೊತ ಕುದಿದರೂ ಮುಚ್ಚೇ ಇತ್ತು. ಇಷ್ಟು ಸಣ್ಣ ಸಾಮಾನು!

ಅಪ್ಪಾ, ನಮ್ಮ ಕಾರಿನ ಥರ್ಮೋಸ್ಟಾಟನ್ನೂ ಹೀಗೇ ಕುದಿಸಿ ನೋಡಿಸಿ. ಫ್ಯಾನ್, ಹೋಸ್ ಎಲ್ಲ ಚೆಕ್ ಆಗಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ, ಕುದಿನೀರು ಮುಖಕ್ಕೆ ಹಾರುತ್ತದೆ. ಅಲ್ಲಿವರೆಗೂ ಘಾಟಿ ಕಡೆ ಹೋಗಬೇಡಿ, ಬಸ್ಸಿದೆ ಅಲ್ವಾ.

ನಾಳೆ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಎಷ್ಟು ನೀರು ಹಿಡಿಯುತ್ತೆ ಅಂತ ಲೋಟದಲ್ಲಿ ಅಳೆದು ಹಾಕಿ, ಬರೆದಿಡಿ. ಭಾನುವಾರ ಫೋನ್ ಮಾಡಿದಾಗ ಮೊದಲು ಅದನ್ನೇ ಕೇಳುತ್ತೇನೆ. ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗ