ಕೊಂಡಜ್ಜಿಯಲ್ಲಿ ನೆರವಾದ ಹಿರಿಯರಿಗೆ

ನಮ್ಮ ಸ್ಕೌಟ್ಸ್ ಮತ್ತು ಗೈಡ್ಸ್ ದಳದ 22 ಕಬ್ (ಕಿರಿಯ ಬಾಲಕರು) ಮತ್ತು ಬುಲ್‌ಬುಲ್ (ಕಿರಿಯ ಬಾಲಕಿಯರು) ಮಕ್ಕಳನ್ನು ಕಳೆದ ಭಾನುವಾರ ದಾವಣಗೆರೆ ಸಮೀಪದ ಕೊಂಡಜ್ಜಿಗೆ ಒಂದು ದಿನದ ಶಿಬಿರಕ್ಕೆ ಕರೆದೊಯ್ದಿದ್ದಾಗ, ಹೆಸರನ್ನೂ ಹೇಳದೆ ಸಂಜೆಯವರೆಗೆ ನಮ್ಮೊಡನಿದ್ದ ಹಿರಿಯರೊಬ್ಬರಿಗೆ ಈ ಮೂಲಕ ಕೃತಜ್ಞತೆಗಳನ್ನು ಸಲ್ಲಿಸುತ್ತೇವೆ.

ಹಗ್ಗದ ಎರಡು ತುದಿಗಳನ್ನು ಸೇರಿಸಿ ಕಟ್ಟುವ ರೀಫ್ ಗಂಟನ್ನು ಬಲ ಎಡದ ಮೇಲೆ, ಎಡ ಬಲದ ಮೇಲೆ ಎಂದು ಕಲಿಸುವುದು ರೂಢಿ. ಆದರೆ ಎಡಬಲಗಳೇ ಇನ್ನೂ ನೆಲೆಗೊಳ್ಳದ ಏಳು ವರ್ಷದ ಮಕ್ಕಳಿಗೆ ನಾವು ಎಷ್ಟು ಸಲ ಹೇಳಿದರೂ ಗಂಟು ಜಾರುತ್ತಲೇ ಇತ್ತು. ಆ ಹಿರಿಯರು ಹಗ್ಗದ ಒಂದು ತುದಿಗೆ ಕೆಂಪು, ಇನ್ನೊಂದಕ್ಕೆ ಹಳದಿ ಬಟ್ಟೆಯ ಚೂರು ಕಟ್ಟಿ, "ಎರಡು ಸಲವೂ ಕೆಂಪಣ್ಣನೇ ಮೇಲೆ" ಎಂದರು. ಅರ್ಧ ಗಂಟೆಯಲ್ಲಿ ಎಲ್ಲರ ಗಂಟೂ ಬಿಗಿಯಾಗಿ ನಿಂತಿತು. ಇಷ್ಟು ವರ್ಷ ಕಲಿಸಿಯೂ ಇದು ನಮಗೆ ಹೊಳೆದಿರಲಿಲ್ಲವೆಂದು ಒಪ್ಪಿಕೊಳ್ಳಲೇಬೇಕು. ಊಟದ ನಂತರ ಅಮ್ಮ ಬೇಕೆಂದು ಅಳತೊಡಗಿದ ಪುಟ್ಟ ಬುಲ್‌ಬುಲ್‌ಗೆ ಹಗ್ಗಗಳನ್ನು ಎಣಿಸಿ ಇಡುವ ಹೊಣೆಯನ್ನು ವಹಿಸಿದವರೂ ಅವರೇ.

ಹೊರಡುವಾಗ ಕೈಕುಲುಕಲು ಅವರು ಚಾಚಿದ್ದು, ಸ್ಕೌಟ್‌ಗಳ ರೂಢಿಯಂತೆ, ಎಡಗೈ. ಹಿಂದೆ ಅವರೂ ಸ್ಕೌಟ್ ಆಗಿದ್ದರೆಂಬುದು ನಮಗೆ ತಿಳಿದದ್ದು ಆಗಲೇ. ಅವರ ಕೆಂಪು, ಹಳದಿ ಬಟ್ಟೆಯ ಚೂರುಗಳು ನಮ್ಮ ಹಗ್ಗದ ಪೆಟ್ಟಿಗೆಯಲ್ಲಿ ಉಳಿದಿವೆ.