ಬಿಲ್ಲಿನ ಸಾಲು ನೋಡಿ ಟಿಪ್ಸ್ ಕೊಡಿ

ಮಾನ್ಯ ಸಂಪಾದಕರೇ,

ಬೆಲೆ ಏರಿದ್ದರಿಂದ ಜನ ಹೋಟೆಲಿಗೆ ಹೋಗುವುದನ್ನು ಪೂರ್ತಿ ಬಿಟ್ಟಿಲ್ಲ. ಕೊನೆಯ ಸಿಹಿ, ಪಾನೀಯ ಕೈಬಿಡುತ್ತಾರೆ, ಒಂದೇ ತಟ್ಟೆಯನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಬಿಲ್ ಇಳಿಯುತ್ತದೆ, ಬಡಿಸುವವರ ಓಡಾಟ ಮಾತ್ರ ಅಷ್ಟೇ. ಬಿಲ್ಲಿನ ಶೇಕಡಾ ಇಷ್ಟು ಟಿಪ್ಸ್ ಎಂಬ ಲೆಕ್ಕಕ್ಕೆ ಅಂಟಿಕೊಂಡರೆ ಅವರಿಗೆ ನಷ್ಟ. ಹಂಚಿ ತಿಂದ ದಿನವಾದರೂ ಮೊತ್ತ ನೋಡದೆ ಕೆಲಸ ನೋಡಿ ಟಿಪ್ಸ್ ಕೊಡಬೇಕು. ರಿಯಾಯಿತಿ ಕೂಪನ್ ಬಳಸಿದಾಗಲೂ ರಿಯಾಯಿತಿಗೆ ಮುಂಚಿನ ಮೊತ್ತ ಹಿಡಿಯುವುದೇ ನ್ಯಾಯ.

ಇತ್ತ ಗ್ರಾಹಕರೂ ಗೊತ್ತಿಲ್ಲದೆ ಹೆಚ್ಚು ತೆರುತ್ತಿದ್ದಾರೆ. ಊಟಕ್ಕೆ 1000, ಸೇವಾ ಶುಲ್ಕ 100, ತೆರಿಗೆ 55 ಎಂದಿಟ್ಟುಕೊಳ್ಳಿ, ಒಟ್ಟು 1155. ಕಾರ್ಡ್ ಯಂತ್ರದಲ್ಲಿ ಟಿಪ್ಸ್‌ಗೆಂದಿರುವ ಶೇ 10ರ ಗುಂಡಿ ಕೆಲವೆಡೆ ಈ ಒಟ್ಟು ಮೊತ್ತದ ಮೇಲೆಯೇ ಲೆಕ್ಕ ಹಾಕಿ 115.50 ತೋರಿಸುತ್ತದೆ. ಅಂದರೆ ತೆರಿಗೆಗೂ ಟಿಪ್ಸ್, ಶುಲ್ಕಕ್ಕೂ ಟಿಪ್ಸ್! ಗುಂಡಿ ಒತ್ತುವ ಮುನ್ನ ಊಟದ ಸಾಲನ್ನಷ್ಟೇ ನೋಡಿ, ಬೇರೆ ಮೊತ್ತ ನಮೂದಿಸುವ ಆಯ್ಕೆ ಬಳಸಿ.

ಸೇವಾ ಶುಲ್ಕ ಸಿಬ್ಬಂದಿಗೆ ಸೇರುತ್ತದೆಯೋ ಮಾಲೀಕರಲ್ಲೇ ಉಳಿಯುತ್ತದೆಯೋ ಎಂದು ಕೇಳಲು ಸಂಕೋಚ ಬೇಡ. ಸಿಬ್ಬಂದಿಗೆ ಸೇರುವುದಾದರೆ ಮತ್ತೆ ಟಿಪ್ಸ್ ಕೊಡಲೇಬೇಕೆಂದಿಲ್ಲ. ಸೇರುವುದಿಲ್ಲವಾದರೆ, ಆ ಶುಲ್ಕವನ್ನು ‘ಸೇವೆ’ಯ ಹೆಸರಿನಲ್ಲಿ ಪಡೆಯುವುದನ್ನು ಮಾಲೀಕರು ನಿಲ್ಲಿಸಲಿ.

– ಓದುಗರೊಬ್ಬರು