ಸ್ಟೆಮ್ ಸೆಲ್ ಜಾಹೀರಾತಿಗೆ ಜಾಗ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

‘ಸ್ಟೆಮ್ ಸೆಲ್ ಚಿಕಿತ್ಸೆ: ಇನ್ಸುಲಿನ್‌ಗೆ ವಿದಾಯ’ ಎಂಬ ಧಾಟಿಯ, ಸಕ್ಕರೆ ಕಾಯಿಲೆಯವರನ್ನು ಸೆಳೆಯುವ ಜಾಹೀರಾತು ನಿಮ್ಮ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತಿದೆ. ಸುದ್ದಿಯ ಹಾಗೇ ಎರಡು ಕಾಲಂನಲ್ಲಿ ಕೂತಿರುತ್ತದೆ. ಮೂಲೆಯಲ್ಲಿರುವ ‘ಜಾಹೀರಾತು’ ಎಂಬ ಪದ ಕನ್ನಡಕ ಹಾಕಿದರೂ ಕಾಣುವುದು ಕಷ್ಟ. ನಾನು ತಿಪಟೂರಿನಲ್ಲಿ ಮೆಡಿಕಲ್ ಸ್ಟೋರ್ ನಡೆಸುವವನು. ಜನ ಇದರ ಕಟಿಂಗ್ ಹಿಡಿದು ಅಂಗಡಿಗೇ ಬರುತ್ತಾರೆ. “ಇನ್ನು ಇನ್ಸುಲಿನ್ ಬೇಡ ಅಲ್ವಾ ಸಾರ್?” ಎಂದು ಕೇಳುತ್ತಾರೆ.

ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಚಿಕಿತ್ಸೆ ಪೂರ್ತಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ವರ್ಟೆಕ್ಸ್ ಕಂಪನಿ ಸ್ಟೆಮ್ ಸೆಲ್‌ನಿಂದ ಇನ್ಸುಲಿನ್ ಉತ್ಪಾದಿಸುವ ಕೋಶಗಳನ್ನೇ ಲ್ಯಾಬ್‌ನಲ್ಲಿ ಬೆಳೆಸಿ, ಲಿವರ್‌ಗೆ ಹೋಗುವ ರಕ್ತನಾಳದ ಮೂಲಕ ರೋಗಿಗಳಿಗೆ ಕೊಟ್ಟಿತು. 2025ರ ಜೂನ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬಿಟ್ಟಿದ್ದರು. ಸಣ್ಣ ಸಾಧನೆಯಲ್ಲ. ಆದರೆ ಅವರೆಲ್ಲ ಟೈಪ್ 1 ರೋಗಿಗಳು, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಬಹುಮಟ್ಟಿಗೆ ನಿಂತುಹೋದವರು. ಶುಗರ್ ಇಳಿಯುವುದೇ ಗೊತ್ತಾಗದೆ ಅಪಾಯಕ್ಕೆ ಸಿಲುಕುತ್ತಿದ್ದವರು. ಹೊರಗಿನ ಕೋಶಗಳ ಮೇಲೆ ದೇಹ ತಿರುಗಿಬೀಳದಂತೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಲೇ ಇರಬೇಕು. ಆ ಪ್ರಯೋಗದಲ್ಲಿ ಇಬ್ಬರು ತೀರಿಕೊಂಡರು, ಅವರಲ್ಲೊಬ್ಬರು ಮೆದುಳಿನ ಪೊರೆಯ ಫಂಗಸ್ ಸೋಂಕಿನಿಂದ.

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಚೀನಾದ ಸ್ಟೆಮ್ ಸೆಲ್ ಸುದ್ದಿಯೂ ಅಷ್ಟೇ. ತಿಯಾನ್‌ಜಿನ್‌ನ 25 ವರ್ಷದ ಟೈಪ್ 1 ಯುವತಿ ಸುಮಾರು ಎರಡೂವರೆ ತಿಂಗಳಲ್ಲಿ ಇನ್ಸುಲಿನ್ ಬಿಟ್ಟಿದ್ದು ನಿಜ. ಆಕೆಗೆ ಮೊದಲೇ ಲಿವರ್ ಕಸಿಯಾಗಿತ್ತು. ಶಾಂಘೈನ 59 ವರ್ಷದ ಟೈಪ್ 2 (ಇನ್ಸುಲಿನ್ ಇದ್ದರೂ ದೇಹದಲ್ಲಿ ಸರಿಯಾಗಿ ಕೆಲಸ ಮಾಡದ ಬಗೆ) ರೋಗಿಯೂ ಹೀಗೇ ಇನ್ಸುಲಿನ್ ಬಿಟ್ಟರು, ಅವರಿಗೆ ಮೊದಲೇ ಕಿಡ್ನಿ ಕಸಿಯಾಗಿತ್ತು. ಅಂದರೆ ಇಬ್ಬರೂ ರೋಗನಿರೋಧಕ ಶಕ್ತಿ ತಗ್ಗಿಸುವ ಆ ಔಷಧದ ಮೇಲೆ ಮೊದಲಿನಿಂದಲೇ ಇದ್ದವರು. ಬರೀ ಶುಗರ್ ಇರುವ, ಇನ್ನೆಲ್ಲ ಚೆನ್ನಾಗಿರುವ ಮನುಷ್ಯನಿಗೆ ಆ ಔಷಧ ಶುರು ಮಾಡಿಸುವುದು ಬೇರೆಯದೇ ಲೆಕ್ಕ. ಫಾರ್ವರ್ಡ್ ಆಗುವ ಮೆಸೇಜ್‌ನಲ್ಲಿ ಈ ಸಾಲು ಮಾತ್ರ ಇರುವುದಿಲ್ಲ.

ಜಾಹೀರಾತು ಕೊಡುವ ಕ್ಲಿನಿಕ್‌ಗಳು ಮಾಡುವುದೇನು? ನಮ್ಮ ಅಂಗಡಿಗೆ ಮೊದಲಿನಿಂದ ಬರುವ, ತೆಂಗಿನ ತೋಟದ ಯಜಮಾನರೊಬ್ಬರು ಕೊಬ್ಬರಿ ಮಾರಿದ ದುಡ್ಡು ಕಟ್ಟಿ ಹೋಗಿ ಬಂದರು. ಹೊಟ್ಟೆಯ ಕೊಬ್ಬು ತೆಗೆದು, ಅದರಿಂದ ಕೋಶ ಬೇರ್ಪಡಿಸಿ, ಗ್ಲೂಕೋಸ್ ಏರಿಸಿದ ಹಾಗೆ ಕೈಗೆ ಡ್ರಿಪ್ ಹಾಕಿ ಕಳಿಸಿದ್ದಾರೆ. ಕೊಬ್ಬಿನ ಕೋಶ ಸುಮ್ನೆ ರಕ್ತಕ್ಕೆ ಹೋದ ಮಾತ್ರಕ್ಕೆ ಇನ್ಸುಲಿನ್ ತಯಾರಿಸುವ ಕೋಶ ಆಗಿಬಿಡುವುದಿಲ್ಲ. ಬಿಲ್ ತೋರಿಸಿದರು. ಅದರಲ್ಲಿ ಸ್ಟೆಮ್ ಸೆಲ್ ಎಂಬ ಮಾತೇ ಇಲ್ಲ, ‘ವೆಲ್‌ನೆಸ್ ಪ್ಯಾಕೇಜ್’ ಅಂತ ಇದೆ! ಡ್ರಿಪ್ ಆದಮೇಲೆ ಇನ್ಸುಲಿನ್ ತಾವೇ ನಿಲ್ಲಿಸಿದ್ದರು. ಮತ್ತೆ ಅಂಗಡಿಗೆ ಬಂದಾಗ ಖಾಲಿ ಹೊಟ್ಟೆಯ ಶುಗರ್ 300 ದಾಟಿತ್ತು. ಅವರದು ಟೈಪ್ 2, ಹೇಗೋ ತಡೆದುಕೊಂಡರು. ಟೈಪ್ 1 ಇರುವ ಮಗುವಿಗೆ ಹೀಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನದಲ್ಲಿ ಐಸಿಯು ಸೇರಬೇಕಾಗುತ್ತದೆ.

ನಿಯಮ ಇಲ್ಲ ಎಂದೇನೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಸಕ್ಕರೆ ಕಾಯಿಲೆಗೆ ಸ್ಟೆಮ್ ಸೆಲ್ ಕೊಡುವುದಾದರೆ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ಟ್ರಯಲ್ ಎಂದಮೇಲೆ ಪ್ರಯೋಗದ ಖರ್ಚನ್ನು ರೋಗಿಯ ತಲೆಗೆ ಕಟ್ಟುವಂತಿಲ್ಲ. ಲಕ್ಷಗಟ್ಟಲೆ ಕೇಳಿದರು ಎಂದರೆ ಅಲ್ಲೇ ಅನುಮಾನ ಬರಬೇಕು.

ಇನ್ನು ನಿಮಗೆ ನೇರವಾಗಿ ಸಂಬಂಧಿಸಿದ್ದು. ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ 1954ರದು. ಔಷಧದಿಂದ ವಾಸಿ ಮಾಡುತ್ತೇವೆಂದು ಜಾಹೀರಾತು ಹಾಕಬಾರದ ಕಾಯಿಲೆಗಳ ಪಟ್ಟಿ ಅದರಲ್ಲಿದೆ. ಸಕ್ಕರೆ ಕಾಯಿಲೆಯೂ ಆ ಪಟ್ಟಿಯಲ್ಲಿದೆ. ಜಾಹೀರಾತು ಕೊಟ್ಟವರಷ್ಟೇ ಅಲ್ಲ, ಅದರ ಪ್ರಕಟಣೆಯಲ್ಲಿ ಪಾಲುಗೊಂಡವರೂ ಹೊಣೆ. ‘ಜಾಹೀರಾತಿನ ಸತ್ಯಾಸತ್ಯತೆಗೆ ಪತ್ರಿಕೆ ಹೊಣೆಯಲ್ಲ’ ಎಂಬ ನಿಮ್ಮ ಎಂದಿನ ಸಾಲು ಇದಕ್ಕೆ ಸಾಲದು.

ನಿಮ್ಮ ಆರೋಗ್ಯ ಪುಟ ಓದಿ ಔಷಧದ ಸಮಯ ಸರಿಮಾಡಿಕೊಂಡ ಗಿರಾಕಿಗಳು ನನಗೆ ಗೊತ್ತು. ಪತ್ರಿಕೆಯ ಮಾತಿಗೆ ಅಷ್ಟು ಬೆಲೆ ಇದೆ. ಆ ಕಾಯ್ದೆಯ ಪಟ್ಟಿಯ ಒಂದು ಜೆರಾಕ್ಸ್ ಜಾಹೀರಾತು ವಿಭಾಗಕ್ಕೂ ಕಳಿಸಿಕೊಡಿ.

ಇತಿ,
ಔಷಧ ಅಂಗಡಿಯ ಮಾಲೀಕ, ತಿಪಟೂರು